ನರಕ ಕಂಡವನಿಗೇ ಸಂಗೀತ ಒಲಿಯೋದಾ? ನಮ್ಮ ಮನೆ ಗುಂಪಿನಲ್ಲಿ ಒಂದು ರಾತ್ರಿ

ಗುಂಪು: ನಮ್ಮ ಮನೆ ಮಂದಿ
ಶನಿವಾರ

ಮೈಸೂರು ಮಾವ (ಫಾರ್ವರ್ಡ್ ಮಾಡಿದ್ದು)
ಜಗತ್ತಿನ ಅತ್ಯಂತ ನೋವಿನ ಮೂರು ನಿಮಿಷ! 1946ರ ಜುಲೈ 29, ಲಾಸ್ ಏಂಜಲೀಸ್. ನೆಟ್ಟಗೆ ನಿಲ್ಲಲೂ ಆಗದ ಸ್ಥಿತಿಯಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ಮಾಂತ್ರಿಕ ಚಾರ್ಲಿ ಪಾರ್ಕರ್ ನುಡಿಸಿದ ಹಾಡು 'ಲವರ್ ಮ್ಯಾನ್'. ನರಕ ಕಂಡವನಿಗೆ ಮಾತ್ರ ಇಂಥ ಸಂಗೀತ ಒಲಿಯುತ್ತದೆ. ಕೇಳಿ, ಹಂಚಿ.
[ಆಡಿಯೋ]

ಮೈಸೂರು ಮಾವ
ಮಲಗೋ ಮುಂಚೆ ಎಲ್ಲರೂ ಒಂದ್ಸಲ ಕೇಳಿ. ಇಯರ್‌ಫೋನ್ ಹಾಕ್ಕೊಂಡು ಕೇಳಿದ್ರೆ ಆ ಮನುಷ್ಯನ ಉಸಿರು ಎಲ್ಲೆಲ್ಲಿ ತಡವರಿಸುತ್ತೆ ಅಂತ ಗೊತ್ತಾಗುತ್ತೆ.

ಅಮ್ಮ
ಅಣ್ಣ, ಕೇಳಿದೆ. ತುಂಬಾ ಸಂಕಟ ಆಯ್ತು. ಯಾರೋ ಏನೋ ಹೇಳಕ್ಕೆ ಹೋಗಿ ಮಾತು ಬರದೇ ನಿಂತ ಹಾಗಿದೆ.

ಸುಬ್ಬು ಚಿಕ್ಕಪ್ಪ
ಭಾವ, ಬೇಜಾರು ಮಾಡ್ಕೋಬೇಡಿ. ಈತ ಹೆರಾಯಿನ್ ಚಟಕ್ಕೆ ಬಿದ್ದು 34 ವರ್ಷಕ್ಕೇ ಹೋದವನು. ಈ ಗುಂಪಿನಲ್ಲಿ ಪಿಯುಸಿ ಓದೋ ಮಕ್ಕಳಿದ್ದಾರೆ. "ನರಕ ಕಂಡವನಿಗೆ ಮಾತ್ರ ಒಲಿಯುತ್ತದೆ" ಅಂತ ಬರೆದು ಹಂಚಿದ್ರೆ ಅವರು ಏನು ತಿಳ್ಕೋಬೇಕು?

ಮೈಸೂರು ಮಾವ
ಸುಬ್ಬಣ್ಣ, ಚಟ ಒಳ್ಳೇದು ಅಂತ ನಾನೆಲ್ಲಿ ಹೇಳಿದೆ? ಅಷ್ಟು ದೊಡ್ಡ ಕಲಾವಿದನನ್ನ ಚಟಗಾರ ಅನ್ನೋ ಒಂದೇ ಮಾತಲ್ಲಿ ಮುಗಿಸಿಬಿಡೋದು ಅನ್ಯಾಯ. ಬಿಬಾಪ್ ಅನ್ನೋ ಹೊಸ ಜಾಝ್ ಶೈಲಿ ಹುಟ್ಟಿದ್ದೇ ಅವನು, ಡಿಜ್ಜಿ ಗಿಲೆಸ್ಪಿ, ಥೆಲೋನಿಯಸ್ ಮಂಕ್, ಕೆನ್ನಿ ಕ್ಲಾರ್ಕ್ ಇವರಿಂದ. ಅವನ ಆಮೇಲೆ ಸ್ಯಾಕ್ಸೋಫೋನ್ ಹಿಡಿದವರಲ್ಲಿ ಅವನ ನೆರಳು ಬೀಳದವರು ಸಿಗೋದು ಕಷ್ಟ.

ಡಾಕ್ಟರ್ ಅಕ್ಕ
ಅಪ್ಪ, ಈಗ ತಾನೆ ಡ್ಯೂಟಿ ಮುಗೀತು, ಈಗ ಓದಿದೆ. ನನಗೂ ಆ ಕೊನೇ ಸಾಲು ಸರಿ ಕಾಣಲಿಲ್ಲ. ಸುಬ್ಬು ಮಾವ ಹೇಳಿದ ಕಾರಣ ಬೇರೆ, ನನ್ನದು ಬೇರೆ.

ಆ ದಿನ ಆ ಸ್ಟುಡಿಯೋದಲ್ಲಿ ಏನು ನಡೀತು ಅಂತ ನೋಡಿ. ಅವನಿಗೆ ಹೆರಾಯಿನ್ ಕೊಡ್ತಿದ್ದವನು ಪೊಲೀಸರ ಕೈಗೆ ಸಿಕ್ಕಿದ್ದ. ಮಾಲು ನಿಂತುಹೋಯ್ತು. ಅದರ ಬದಲು ವಿಸ್ಕಿ ಸುರ್ಕೊಂಡ. ಮೈಯೆಲ್ಲ ಅದುರ್ತಿತ್ತು ಅಂತ ಅಲ್ಲಿದ್ದ ಡಾಕ್ಟರು ಫೀನೋಬಾರ್ಬಿಟಾಲ್ ಅನ್ನೋ ಮಂಪರು ತರೋ ಮಾತ್ರೆ ಕೊಟ್ರು. ವಿಸ್ಕಿ ಮೇಲೆ ಆ ಮಾತ್ರೆ! ಪಿಯಾನೋ ಎತ್ತಿಕೊಟ್ಟ ಜಾಗದಲ್ಲಿ ಇವನು ಶುರು ಮಾಡಲೇ ಇಲ್ಲ, ಪಿಯಾನೋ ನುಡಿಸ್ತಿದ್ದವನು ಅದನ್ನೇ ಎಳೀತಾ ಕಾಯಬೇಕಾಯ್ತು. ಅವತ್ತು ರಾತ್ರಿ ಹೋಟೆಲಿನಲ್ಲಿ ಮೈಮೇಲೆ ಬಟ್ಟೆ ಇಲ್ಲದೆ ಲಾಬಿಗೆ ಇಳಿದು ಬಂದ. ರೂಮಿನ ಹಾಸಿಗೆಗೆ ಬೆಂಕಿ ಹತ್ಕೊಂಡಿತ್ತು. ಪೊಲೀಸರು ಎಳ್ಕೊಂಡು ಹೋದ್ರು. ಮುಂದಿನ ಆರು ತಿಂಗಳು ಕ್ಯಾಮರಿಲ್ಲೋ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ.

ನೀವು ಹಂಚಿರೋದು ಒಬ್ಬ ರೋಗಿ ಕುಸಿದು ಬೀಳ್ತಿರೋ ಸದ್ದು ಅಪ್ಪ. ಅದಕ್ಕೆ "ಒಲಿಯುತ್ತದೆ" ಅನ್ನೋ ಮಾತು ಅಂಟಿಸಿದ್ದು ನೋಡಿ ನನಗೆ ಸಿಟ್ಟು ಬಂತು.

ಮೈಸೂರು ಮಾವ
ಸಿಟ್ಟು ಮಾಡ್ಕೋ, ಆದ್ರೆ ಪೂರ್ತಿ ಕೇಳು. ಚಾರ್ಲ್ಸ್ ಮಿಂಗಸ್ ಅಂಥವನೇ ಪಾರ್ಕರ್ ರೆಕಾರ್ಡುಗಳಲ್ಲಿ ಲವರ್ ಮ್ಯಾನನ್ನ ಮೆಚ್ಚಿ ಹೇಳಿದಾನೆ. ಆ ಹೊತ್ತಿನ ಭಾವನೆ, ಅದನ್ನ ಹೊರಗೆ ಹಾಕೋ ಶಕ್ತಿ, ಅದಕ್ಕೋಸ್ಕರ. ಅವನೇನು ದಾರೀಲಿ ಹೋಗೋ ದಾಸಯ್ಯನಲ್ಲ, ಪಾರ್ಕರ್ ಜೊತೆ ಬಾಸ್ ನುಡಿಸಿದವನು. ಬೆರಳು ತಪ್ಪಿದ್ರೂ ಕೊರಳು ತಪ್ಪಿಲ್ಲ ಅನ್ನೋದು ನನ್ನ ವಾದ.

ಅನು
ಮಾವ, ಮಿಂಗಸ್ ಮೆಚ್ಚಿರಬಹುದು. ನುಡಿಸಿದವನಿಗೆ ಏನು ಅನ್ನಿಸ್ತು? ಆ ರೆಕಾರ್ಡನ್ನ ಡಯಲ್ ಅನ್ನೋ ರೆಕಾರ್ಡ್ ಕಂಪನಿಯ ರಾಸ್ ರಸೆಲ್ ಬಿಡುಗಡೆ ಮಾಡಿದಾಗ ಪಾರ್ಕರ್ ಕೆಂಡಾಮಂಡಲ ಆಗಿದ್ದ. ಅದನ್ನ ಕಾಲಲ್ಲಿ ತುಳಿದು ನೆಲದಲ್ಲಿ ಹೂಳಬೇಕು ಅನ್ನೋ ಅರ್ಥದಲ್ಲಿ ಮಾತಾಡಿದಾನೆ. 1951ರಲ್ಲಿ ಅದೇ ಹಾಡನ್ನ ಇನ್ನೊಂದ್ಸಲ ಸರಿಯಾಗಿ ರೆಕಾರ್ಡ್ ಮಾಡಿದ. ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ ನೋಡಿ.

ಅಣ್ಣ
ಅನು, ನಾನು ಮಾವನ ಪಕ್ಷ. ಕೆಲಸ ಹೋಗಿ ಮನೇಲಿ ಕೂತಿದ್ದಾಗ ನಾನು ರಾತ್ರಿ ಹೊತ್ತು ಕೇಳ್ತಿದ್ದಿದ್ದು ಇದನ್ನೇ. ಬಾಕಿ ಎಲ್ಲ ಹಾಡೂ ನನಗೆ ಬುದ್ಧಿ ಹೇಳೋ ಹಾಗೆ ಇರ್ತಿತ್ತು. ಇದು ಹೇಳ್ತಿರಲಿಲ್ಲ. ಅವನು ಸಿಟ್ಟಾಗಿದ್ದ ಅಂತ ನನಗೆ ಸಿಕ್ಕ ಸಮಾಧಾನ ಸುಳ್ಳಾಗುತ್ತಾ?

ಅನು
ಸುಳ್ಳಾಗಲ್ಲ ಅಣ್ಣ. ನಿನಗೆ ಅದು ಆಸರೆ ಆಯ್ತು, ಅದನ್ನ ಯಾರೂ ಕಿತ್ಕೊಳ್ಳಲ್ಲ. ನಾನು ಜಗಳ ಆಡ್ತಿರೋದು ಆ ಒಂದು ಸಾಲಿನ ಮೇಲೆ. ನರಕ ನೋಡಿದ್ದಕ್ಕೆ ಸಂಗೀತ ಒಲೀತು ಅನ್ನೋದು ಅವನು ಪಟ್ಟ ಪಾಡಿಗೆ ಮಾಡೋ ಅವಮಾನ.

ಟೈಪ್ ಮಾಡ್ತಿದೀನಿ, ಉದ್ದ ಇದೆ, ಇರಿ.

ಅನು
1936. ಕ್ಯಾನ್ಸಸ್ ಸಿಟಿ, ರೀನೋ ಕ್ಲಬ್. ಪಾರ್ಕರ್ ಇನ್ನೂ 16 ತುಂಬೋ ಆಸುಪಾಸಿನ ಹುಡುಗ. ಕೌಂಟ್ ಬೇಸಿ ಬ್ಯಾಂಡಿನ ಡ್ರಮ್ಮರ್ ಜೋ ಜೋನ್ಸ್ ಕೂತಿದ್ದ, ಎಲ್ಲರೂ ಸೇರಿ ಆಶುವಾಗಿ ನುಡಿಸೋ ಜಾಮ್‌ಗೆ ನುಗ್ಗಿದ. ಮಧ್ಯದಲ್ಲಿ ದಾರಿ ತಪ್ಪಿದ. ಜೋನ್ಸ್ ತನ್ನ ಡ್ರಮ್ಮಿನ ಸಿಂಬಲ್ ತಟ್ಟೆ ಬಿಚ್ಚಿ ಇವನ ಕಾಲ ಹತ್ರ ಎಸೆದ. ಇಡೀ ಕ್ಲಬ್ ನಕ್ಕಿತು. ಮುಂದಿನ ವರ್ಷ ಬೇಸಿಗೆಯಲ್ಲಿ ಓಝಾರ್ಕ್ ಬೆಟ್ಟದ ಕಡೆ ಒಂದು ಬ್ಯಾಂಡಿನ ಜೊತೆ ಕೆಲಸಕ್ಕೆ ಹೋದ. ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ನುಡಿಸಿದ ರೆಕಾರ್ಡುಗಳನ್ನ ತಗೊಂಡು ಹೋಗಿ ಒಂದೊಂದು ಸೋಲೋನೂ (ಒಬ್ಬನೇ ಮುಂದೆ ನಿಂತು ನುಡಿಸೋ ಭಾಗ) ಬಾಯಿಪಾಠ ಮಾಡಿದ. ವಾಪಸ್ ಬಂದಾಗ ಊರಿನವರಿಗೆ ಗುರುತೇ ಸಿಗದ ಹಾಗೆ ನುಡಿಸ್ತಿದ್ದ.

ಪಾಲ್ ಡೆಸ್ಮಂಡ್ ಅನ್ನೋ ಸ್ಯಾಕ್ಸೋಫೋನ್ ವಾದಕನ ಜೊತೆ ಮಾಡಿದ ರೇಡಿಯೋ ಸಂದರ್ಶನ ಇದೆ, 1954ರದ್ದು. ಅದರಲ್ಲಿ ಅವನೇ ಹೇಳ್ತಾನೆ: ಮೂರು ನಾಲ್ಕು ವರ್ಷ ದಿನಕ್ಕೆ 11ರಿಂದ 15 ಗಂಟೆ ಸಾಧನೆ. ಅಕ್ಕಪಕ್ಕದವರು ತಲೆ ಕೆಡ್ತಿದೆ, ಮನೆ ಖಾಲಿ ಮಾಡಿ ಅಂತ ಅವನ ಅಮ್ಮನಿಗೆ ಹೇಳೋ ಮಟ್ಟಕ್ಕೆ ಹೋಗಿತ್ತಂತೆ. ನಾನು ಬೆಳಗ್ಗೆ ಎರಡು ಗಂಟೆ ಕಾಲ ಸ್ಯಾಕ್ಸೋಫೋನ್ ನುಡಿಸೋಷ್ಟರಲ್ಲಿ ತುಟಿ ಒಳಗೆ ಹಲ್ಲಿನ ಗುರುತು ಬಿದ್ದಿರುತ್ತೆ. 15 ಗಂಟೆ ಅಂದ್ರೆ ಏನು ಅಂತ ನನಗೆ ಮೈಮೇಲೆ ಗೊತ್ತು.

ಅಮ್ಮ
ಹೌದು, ಇವಳ ತುಟಿ ನೋಡಿ ನನಗೇ ಅಯ್ಯೋ ಅನ್ಸುತ್ತೆ.

ಸುಬ್ಬು ಚಿಕ್ಕಪ್ಪ
ಅಷ್ಟು ಶಿಸ್ತಿದ್ದ ಹುಡುಗ ಆ ಹಾಳು ಚಟಕ್ಕೆ ಯಾಕೆ ಬಿದ್ದ?

ಡಾಕ್ಟರ್ ಅಕ್ಕ
ಸುಬ್ಬು ಮಾವ, ಅದೇ 1936ರ ಕೊನೇಲಿ ಕಾರ್ಯಕ್ರಮಕ್ಕೆ ಹೋಗೋವಾಗ ಕಾರು ಅಪಘಾತ. ಪಕ್ಕೆಲುಬು ಮುರೀತು. ನೋವಿಗೆ ಅಂತ ಕೊಟ್ಟ ಔಷಧದಿಂದಲೇ ಅಫೀಮಿನ ಜಾತಿಯ ಮಾದಕ ಮೈಗೆ ಹತ್ತಿತು ಅಂತ ಅವನ ಜೀವನಚರಿತ್ರೆ ಬರೆದವರು ಹೇಳ್ತಾರೆ. ಈಗಲೂ ನನ್ನ ಹತ್ರ ಬರೋರಲ್ಲಿ ಎಷ್ಟೋ ಜನರ ಕಥೆ ಶುರುವಾಗೋದು ಒಂದು ಆಪರೇಷನ್‌ನಿಂದ, ಒಂದು ಬೆನ್ನುನೋವಿನಿಂದ. ಶಿಸ್ತಿಗೂ ಅದಕ್ಕೂ ಸಂಬಂಧ ಇಲ್ಲ.

ಬಿಡಬೇಕು ಅಂತ ಅವನಿಗೆ ಇರಲಿಲ್ಲ ಅನ್ಕೋಬೇಡಿ. ಆಗಿನ ಅಮೆರಿಕದಲ್ಲಿ ಕಪ್ಪು ಜನಾಂಗದ ಚಟಗಾರನಿಗೆ ಚಿಕಿತ್ಸೆ ಅಂದ್ರೆ ಬಹುಮಟ್ಟಿಗೆ ಜೈಲು ಇಲ್ಲಾ ಮಾನಸಿಕ ಆಸ್ಪತ್ರೆ. 1951ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಕ್ಯಾಬರೆ ಕಾರ್ಡ್ ಕಿತ್ಕೊಂಡ್ರು. ಮದ್ಯ ಮಾರೋ ಕ್ಲಬ್ಬುಗಳಲ್ಲಿ ನುಡಿಸಬೇಕಾದ್ರೆ ಆ ಪರವಾನಗಿ ಬೇಕೇ ಬೇಕು. ಬರ್ಡ್ ಅನ್ನೋ ಅವನ ಅಡ್ಡಹೆಸರನ್ನೇ ಇಟ್ಟಿದ್ದ ಬರ್ಡ್‌ಲ್ಯಾಂಡ್ ಕ್ಲಬ್ ಇದ್ದ ಊರಲ್ಲೇ ಅವನಿಗೆ ಹೊಟ್ಟೆಪಾಡಿನ ದಾರಿ ಮುಚ್ಚಿತು.

ಸುಬ್ಬು ಚಿಕ್ಕಪ್ಪ
ಈ ಅಪಘಾತದ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ನನ್ನ ಭಯ ಹೋಗಲ್ಲ. ನಮ್ಮ ಬೀದಿಯಲ್ಲಿ ಒಬ್ಬ ಹುಡುಗ ಇದ್ದ, ಗಿಟಾರ್ ಬಹಳ ಚೆನ್ನಾಗಿ ನುಡಿಸ್ತಿದ್ದ. ತಾನು ಮೆಚ್ಚಿದವರೆಲ್ಲ ಹಾಗೇ ಇದ್ರು ಅಂತ ಶುರು ಮಾಡಿದ. ಅವನ ತಾಯಿ ಈಗಲೂ ಎದುರಿಗೆ ಸಿಕ್ತಾರೆ, ಮಾತಾಡಿಸೋಕೆ ನನಗೆ ಬಾಯಿ ಬರಲ್ಲ.

ಅಮ್ಮ
ಗೊತ್ತು ಸುಬ್ಬು. ನನ್ನ ಕಣ್ಣೆದುರೇ ಬೆಳೆದ ಮಗು.

ಅಣ್ಣ
ಚಿಕ್ಕಪ್ಪ, ನೀವು ಹೇಳೋದು ಪಾರ್ಕರ್ ವಿಷಯದಲ್ಲೂ ನಿಜವಾಗೇ ಆಯ್ತು. ಅವನ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸಿದ ರೆಡ್ ರಾಡ್ನಿ ಹೆರಾಯಿನ್‌ಗೆ ಬಿದ್ದಿದ್ದೇ ಅವನ ಹಾಗೆ ಆಗಬೇಕು ಅಂತ. ಒಂದು ಇಡೀ ತಲೆಮಾರು ಹಾಗೆ ನಂಬಿತು.

ಅನು
ಹಾಗೆ ನಂಬೋರನ್ನ ಕಂಡ್ರೆ ಪಾರ್ಕರ್‌ಗೇ ನೋವಾಗ್ತಿತ್ತು. 1949ರಲ್ಲಿ ಡೌನ್‌ಬೀಟ್ ಪತ್ರಿಕೆಗೆ ಬಾಯಿಬಿಟ್ಟೇ ಹೇಳಿದ: ಕುಡಿದೋ ಸೂಜಿ ಚುಚ್ಕೊಂಡೋ ಚೆನ್ನಾಗಿ ನುಡಿಸ್ತೀನಿ ಅನ್ನೋನು ಶುದ್ಧ ಸುಳ್ಳುಗಾರ, ಕುಡಿದಾಗ ತನಗೆ ಬೆರಳೇ ಓಡಲ್ಲ ಅಂತ. ಚಟ ಮಾಡಿದವನ ಬಾಯಿಂದಲೇ ಬಂದ ಮಾತು. ಫಾರ್ವರ್ಡ್ ಬರೆದವನಿಗೆ ಇದೊಂದು ಸಿಗಲಿಲ್ವಾ!

ಸನ್ನಿ ರೋಲಿನ್ಸ್ ಅನ್ನೋ ಸ್ಯಾಕ್ಸೋಫೋನ್ ವಾದಕನ ಕಥೆ ಕೇಳಿ. 1953ರ ಜನವರಿ, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ರೆಕಾರ್ಡಿಂಗು. ಪಾರ್ಕರೂ ಇದ್ದ. ರೋಲಿನ್ಸ್ "ನಾನು ಹೆರಾಯಿನ್ ಬಿಟ್ಟಿದೀನಿ" ಅಂತ ಅವನಿಗೆ ಸುಳ್ಳು ಹೇಳಿದ. ಸ್ವಲ್ಪ ಹೊತ್ತಲ್ಲಿ ಇನ್ನೊಬ್ಬರ ಬಾಯಿಂದ ನಿಜ ಹೊರಬಿತ್ತು. ಪಾರ್ಕರ್ ಮುಖ ಬಾಡಿಹೋಯ್ತು. ಆ ಮುಖ ನೋಡಿಯೇ ರೋಲಿನ್ಸ್ ಬಿಡಬೇಕು ಅಂತ ನಿರ್ಧಾರ ಮಾಡಿದ್ದು. 1955ರಲ್ಲಿ ಚಟ ಬಿಡಿಸೋ ಲೆಕ್ಸಿಂಗ್ಟನ್ ಆಸ್ಪತ್ರೆ ಸೇರಿ ಬಿಟ್ಟೇಬಿಟ್ಟ. ಹೊರಗೆ ಬಂದು "ನೋಡಿ, ಬಿಟ್ಟಿದೀನಿ" ಅಂತ ಪಾರ್ಕರ್ ಎದುರು ನಿಂತು ತೋರಿಸಬೇಕು ಅಂದ್ಕೊಂಡಿದ್ದ. ಅಷ್ಟರಲ್ಲಿ ಪಾರ್ಕರ್ ಹೋಗಿಬಿಟ್ಟ. ರೋಲಿನ್ಸ್ ತನ್ನ ಶ್ರೇಷ್ಠ ಸಂಗೀತ ಎಲ್ಲ ನುಡಿಸಿದ್ದು ಅದಾದ ಮೇಲೆ, ಚಟ ಇಲ್ಲದೆ.

ಸುಬ್ಬು ಚಿಕ್ಕಪ್ಪ
ಇದು ಮಕ್ಕಳು ಓದಬೇಕಾದ ವಿಷಯ.

ಮೈಸೂರು ಮಾವ
ರೋಲಿನ್ಸ್ ವಿಷಯ ಒಪ್ಪಿದೆ. ಆದ್ರೆ ಅನು, ನೋವಿಗೂ ಸಂಗೀತಕ್ಕೂ ಏನೂ ಸಂಬಂಧ ಇಲ್ಲ ಅಂತೀಯಾ? 1954ರ ಮಾರ್ಚಿನಲ್ಲಿ ಅವನ ಮಗಳು ಪ್ರೀ ತೀರಿಕೊಂಡಳು, ಮೂರು ವರ್ಷ ಕೂಡ ತುಂಬಿರಲಿಲ್ಲ. ಅವನು ಕೆಲಸಕ್ಕೆ ಅಂತ ದೂರದಲ್ಲಿದ್ದ, ಅಲ್ಲಿಂದ ಮನೆಗೆ ಟೆಲಿಗ್ರಾಂ ಮೇಲೆ ಟೆಲಿಗ್ರಾಂ ಕಳಿಸಿದ. ಇಂಥದ್ದೆಲ್ಲ ಎದೇಲಿಟ್ಕೊಂಡವನ ಉಸಿರು ಬೇರೆಯೇ ಇರುತ್ತೆ.

ಡಾಕ್ಟರ್ ಅಕ್ಕ
ಅಪ್ಪ, ಪ್ರೀ ಹೋದ ಮೇಲೆ ಅವನ ಸಂಗೀತ ಅರಳಲಿಲ್ಲ, ಮುರೀತು. ಅದೇ ವರ್ಷ ಅವನನ್ನ ಬೆಲ್‌ವ್ಯೂ ಆಸ್ಪತ್ರೆಯ ಮಾನಸಿಕ ವಾರ್ಡಿಗೆ ಸೇರಿಸಿದ್ರು. 1955ರ ಮಾರ್ಚ್ 12, ಸ್ಟ್ಯಾನ್‌ಹೋಪ್ ಹೋಟೆಲಿನಲ್ಲಿ ಪನೋನಿಕಾ ಅನ್ನೋ ಗೆಳತಿಯ ಕೋಣೆಯಲ್ಲಿ ಟಿವಿ ನೋಡ್ತಾ ಹೋದ. ಹೊಟ್ಟೇಲಿ ಹುಣ್ಣು, ನ್ಯುಮೋನಿಯಾ, ಹಾಳಾದ ಲಿವರ್. ಹೆಣ ನೋಡಿದವರು ವಯಸ್ಸು 50ರ ಮೇಲೆ ಅಂತ ಅಂದಾಜು ಮಾಡಿದ್ರು. 34.

ನೋವು ಕೊಟ್ಟಿದ್ದೆಷ್ಟು, ತಿಂದಿದ್ದೆಷ್ಟು, ಲೆಕ್ಕ ಹಾಕಿ. 1946ರಲ್ಲಿ ಡಯಲ್ ಕಂಪನಿಯಿಂದ ಬರೋ ರಾಯಲ್ಟಿಯಲ್ಲಿ ಅರ್ಧವನ್ನ ಆ ಹೆರಾಯಿನ್ ಮಾರೋನಿಗೇ ಬರೆದುಕೊಟ್ಟಿದ್ದ, ಕಾಗದದ ಮೇಲೆ ಸಹಿ ಹಾಕಿ. ಆ ಮಾರೋನ ಅಡ್ಡಹೆಸರಲ್ಲೇ ಪಾರ್ಕರ್ ಕಟ್ಟಿದ ಒಂದು ಹಾಡೂ ಇದೆ, 'ಮೂಸ್ ದಿ ಮೂಚ್'. ಅದ್ಭುತವಾದ ಹಾಡು. ಅದನ್ನ ಕೇಳಿದಾಗೆಲ್ಲ ನನಗೆ ಆ ಸಹಿ ಕಣ್ಮುಂದೆ ಬರುತ್ತೆ.

ಅಣ್ಣ
ಈ ರಾಯಲ್ಟಿ ವಿಷಯ ಓದಿ ಹೊಟ್ಟೆ ಉರೀತು.

ಅಮ್ಮ
ಪಾಪ. ಅವರ ತಾಯಿ ಆಗ ಇದ್ರಾ?

ಅನು
ಇದ್ರು ಅಮ್ಮ. ಒಬ್ಬನೇ ಮಗ. ತನ್ನನ್ನ ಕ್ಯಾನ್ಸಸ್ ಸಿಟಿಯಲ್ಲಿ ಮಣ್ಣು ಮಾಡಬಾರದು ಅಂತ ಅವನು ಹೇಳಿದ್ದ, ಆದ್ರೂ ಅಲ್ಲಿಗೇ ತಗೊಂಡು ಹೋದ್ರು. ನ್ಯೂಯಾರ್ಕಿನಲ್ಲಿ ಟೆಡ್ ಜೋನ್ಸ್ ಅನ್ನೋ ಕವಿ ಮತ್ತು ಅವನ ಗೆಳೆಯರು ಗೋಡೆಗಳ ಮೇಲೆ "ಬರ್ಡ್ ಬದುಕಿದ್ದಾನೆ" ಅಂತ ಬರೆದ್ರು.

ಕೇಳೋರ ಮೇಲೆ ಅವನ ಪರಿಣಾಮ ಎಂಥದ್ದು ಅಂತ ಮಾವ ಹೇಳಿದ್ರಲ್ಲ, ಡೀನ್ ಬೆನೆಡೆಟ್ಟಿ ಅಂತ ಒಬ್ಬ ಸ್ಯಾಕ್ಸೋಫೋನ್ ವಾದಕ ಇದ್ದ. ಪಾರ್ಕರ್ ನುಡಿಸೋ ಕ್ಲಬ್ಬುಗಳಿಗೆ ರೆಕಾರ್ಡಿಂಗ್ ಯಂತ್ರ ಹೊತ್ಕೊಂಡು ಹೋಗ್ತಿದ್ದ, 1947, 48ರಲ್ಲಿ. ಪಾರ್ಕರ್ ಊದಕ್ಕೆ ಶುರು ಮಾಡಿದ್ರೆ ಯಂತ್ರ ಆನ್, ಬೇರೆಯವರ ಸರದಿ ಬಂದ್ರೆ ಆಫ್. 1990ರಲ್ಲಿ ಮೊಸಾಯಿಕ್ ಕಂಪನಿ ಅದನ್ನೆಲ್ಲ ಏಳು ಸಿಡಿಗಳಲ್ಲಿ ತಂದಿತು. ಅಲ್ಲಿ ಕೇಳಿ, ರಾತ್ರಿ ರಾತ್ರಿ ಅದೇ ಹಾಡು ಹಿಡಿದು ಪ್ರತಿ ಸಲ ಹೊಸದು. ಒಂದೇ ಪಲ್ಲವಿ ಹಿಡಿದು ಸ್ವರ ಹಾಕಿದ ಹಾಗೆ. ಒಲಿಯೋದು ಅಂದ್ರೆ ಅದು.

ಅಮ್ಮ
ಹಾಗೆ ಹೇಳು, ಈಗ ಅರ್ಥ ಆಯ್ತು. ನಮ್ಮ ಕದ್ರಿ ಗೋಪಾಲನಾಥ್ ಅವರಿಗೆ ಇವರದ್ದು ಏನಾದ್ರೂ ಸಂಬಂಧ ಇದೆಯಾ?

ಅನು
ನೇರವಾಗಿ ಇಲ್ಲಮ್ಮ. ಗೋಪಾಲನಾಥರು ಸ್ಯಾಕ್ಸೋಫೋನ್ ಮೊದಲು ಕೇಳಿದ್ದು ಮೈಸೂರು ಅರಮನೆ ಬ್ಯಾಂಡಿನಲ್ಲಿ. ಅಪ್ಪ ನಾಗಸ್ವರ ವಾದಕರು. ಗಮಕ ಬರಲಿ ಅಂತ ವಾದ್ಯವನ್ನೇ ಮಾರ್ಪಡಿಸಿಕೊಂಡ್ರು. ಆದ್ರೆ ಇಬ್ಬರನ್ನೂ ಎದೆಗಿಟ್ಕೊಂಡ ಒಬ್ಬರಿದ್ದಾರೆ: ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ. ಕರ್ನಾಟಕ ಮೂಲದ ಮನೆತನ, ಬೆಳೆದಿದ್ದು ಅಮೆರಿಕದಲ್ಲಿ. 2008ರಲ್ಲಿ ಗೋಪಾಲನಾಥರ ಜೊತೆ 'ಕಿನ್ಸ್‌ಮೆನ್' ಅಂತ ಆಲ್ಬಂ ಮಾಡಿದ್ರು. 2015ರಲ್ಲಿ 'ಬರ್ಡ್ ಕಾಲ್ಸ್', ಅದು ಪೂರ್ತಿ ಪಾರ್ಕರ್‌ಗೆ ಕಾಣಿಕೆ. ಪಾರ್ಕರ್ ಸೋಲೋಗಳ ತುಣುಕು ಹಿಡಿದು ಹೊಸ ಹಾಡು ಕಟ್ಟಿದಾರೆ. ಅದರಲ್ಲಿ ಸೂಜಿ, ನರಕ ಏನೂ ಇಲ್ಲ. ಅವನ ಸ್ವರ ಇದೆ.

ಮೈಸೂರು ಮಾವ
ಸರಿ, ಆ ಕೊನೇ ಸಾಲು ನನ್ನದಲ್ಲ, ಬಂದ ಹಾಗೇ ಕಳಿಸಿದ್ದೆ. ಅದು ಬೇಡ. ಆದ್ರೆ ಲವರ್ ಮ್ಯಾನ್ ಕೇಳೋದು ನಾನು ಬಿಡಲ್ಲ. ನಿಮ್ಮ ಅತ್ತೆ ಹೋದ ವರ್ಷ ಅದೊಂದೇ ನನ್ನ ಕೈಲಿ ಕೇಳಕ್ಕಾಗಿದ್ದು.

ಡಾಕ್ಟರ್ ಅಕ್ಕ
ಅಪ್ಪ... ನನಗೆ ನೀವು ಹೇಳೇ ಇರಲಿಲ್ಲ. ಕೇಳಿ. ಅದು ಯಾವ ದಿನದ ರೆಕಾರ್ಡು ಅನ್ನೋದು ಗೊತ್ತಿಟ್ಕೊಂಡು ಕೇಳಿ, ಅಷ್ಟೇ ನಾನು ಕೇಳೋದು.

ಸುಬ್ಬು ಚಿಕ್ಕಪ್ಪ
ಅನು, ನನಗೆ ಈ ಸಂಗೀತ ಏನೂ ಗೊತ್ತಿಲ್ಲ. ಯಾವುದರಿಂದ ಶುರು ಮಾಡಲಿ?

ಅನು
ಚಿಕ್ಕಪ್ಪ, ಮೊದಲು 'ಜಸ್ಟ್ ಫ್ರೆಂಡ್ಸ್', 1949. ಹಿಂದೆ ಪಿಟೀಲುಗಳಿವೆ, ಕಿವಿಗೆ ಹಿತ. ಆಮೇಲೆ 'ಕೋ-ಕೋ', 1945ರ ನವೆಂಬರ್. 'ಚೆರೋಕೀ' ಅನ್ನೋ ಹಳೇ ಹಾಡಿನ ಕಾರ್ಡುಗಳ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಮೇಲೆ ಮಿಂಚಿನ ವೇಗದಲ್ಲಿ ಹೊಸದು ಕಟ್ಟಿದಾನೆ. ಮೊದಲ ಸಲ ಏನೂ ಕೈಗೆ ಸಿಗಲ್ಲ. ಅರ್ಧ ವೇಗಕ್ಕೆ ಇಳಿಸಿ ಕೇಳಿ, ಒಂದು ಸ್ವರನೂ ಜಾರಿರಲ್ಲ.

ಡಾಕ್ಟರ್ ಅಕ್ಕ
ಅಪ್ಪ, ಆ ಫಾರ್ವರ್ಡ್ ಬೇರೆ ಕಡೆನೂ ಹಾಕಿದೀರಾ?

ಮೈಸೂರು ಮಾವ
ಬ್ಯಾಂಕಿನವರ ಗುಂಪಿಗೆ ಹಾಕಿದೀನಿ. ಡೌನ್‌ಬೀಟ್‌ಗೆ ಅವನು ಹೇಳಿದ ಮಾತು, ರೋಲಿನ್ಸ್ ಕಥೆ, ಎರಡನ್ನೂ ಅನು ಒಂದು ಕಡೆ ಬರೆದುಕೊಡಲಿ. ಕೋ-ಕೋ ಜೊತೆ ನಾಳೆ ಬೆಳಗ್ಗೆ ಅಲ್ಲಿಗೂ ಹಾಕ್ತೀನಿ. ಲವರ್ ಮ್ಯಾನ್ ಅಳಿಸಲ್ಲ.

ಅನು
ಅಳಿಸಬೇಡಿ ಮಾವ. ಬರೆದುಕೊಡ್ತೀನಿ.