ಅಪ್‌ಡೇಟ್: ಒಂದೇ ಪುರಾವೆಯನ್ನು ಎರಡೆರಡು ಸಲ ಕೇಳುವ ಜಿಆರ್‌ಸಿ ತಂತ್ರಾಂಶ

ಪ್ರಶ್ನೆ ಇದಾಗಿತ್ತು: ಐಎಸ್‌ಒ 27001 (ಮಾಹಿತಿ ಭದ್ರತೆಯ ಮಾನದಂಡ) ಮತ್ತು ಪಿಸಿಐ ಡಿಎಸ್‌ಎಸ್ (ಪಾವತಿ ಕಾರ್ಡ್ ದತ್ತಾಂಶ ಭದ್ರತೆಯ ಮಾನದಂಡ) ಎರಡನ್ನೂ ಜಿಆರ್‌ಸಿ ತಂತ್ರಾಂಶಕ್ಕೆ (ಆಡಳಿತ, ಅಪಾಯ ಮತ್ತು ನಿಯಮಪಾಲನೆಯನ್ನು ನಿರ್ವಹಿಸುವ ತಂತ್ರಾಂಶ) ಸೇರಿಸಿದರೆ, ಪ್ರವೇಶ ಹಕ್ಕುಗಳ (ಯಾರು ಯಾವ ಸಿಸ್ಟಂ ಬಳಸಬಹುದು ಎಂಬುದರ) ಪರಿಶೀಲನೆಗೆ ಎರಡು ಸಲ ಪುರಾವೆ ಕೇಳುವುದೇಕೆ? ಈಗ ಬಗೆಹರಿದಿದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಎರಡನ್ನೂ ಪ್ರತ್ಯೇಕವಾಗಿ ಇಂಪೋರ್ಟ್ ಮಾಡಿದ್ದರಿಂದ ಪ್ರತಿ ಷರತ್ತಿಗೂ ಬೇರೆ ಬೇರೆ ಕಂಟ್ರೋಲ್ (ಷರತ್ತು ಪೂರೈಸಲು ಪಾಲಿಸುವ ಭದ್ರತಾ ಕ್ರಮದ ನಮೂದು) ಹುಟ್ಟಿಕೊಂಡಿತ್ತು. ಈಗ ಇರುವುದು ಒಂದೇ ಕಂಟ್ರೋಲ್; ಅದನ್ನು ಐಎಸ್‌ಒ 2022ರ ಆವೃತ್ತಿಯ ಅನುಬಂಧ ಎ 5.18ಕ್ಕೂ ಪಿಸಿಐ 7.2.4ಕ್ಕೂ ಜೋಡಿಸಿದೆ. ಹಳೆಯ ಕಂಟ್ರೋಲ್‌ಗಳನ್ನು ಅಳಿಸಬೇಡಿ, ನಿಷ್ಕ್ರಿಯಗೊಳಿಸಿ ಸಾಕು. ಅಳಿಸಿದರೆ ಹಿಂದಿನ ಪುರಾವೆಗಳ ಕೊಂಡಿ ತಪ್ಪಿಹೋಗಬಹುದು, ಆಡಿಟರ್ ಮೊದಲು ಕೇಳುವುದೇ ಅದನ್ನು.

ಎಡವುವುದು ಪರಿಶೀಲನೆ ಎಷ್ಟು ತಿಂಗಳಿಗೊಮ್ಮೆ ಎಂಬಲ್ಲಿ. ಐಎಸ್‌ಒ ಇಷ್ಟೇ ತಿಂಗಳೆಂದು ಹೇಳುವುದಿಲ್ಲ. ಪಿಸಿಐ ಕನಿಷ್ಠ 6 ತಿಂಗಳಿಗೊಮ್ಮೆ ಬೇಕೆನ್ನುತ್ತದೆ. ವಾರ್ಷಿಕ ಎಂದು ಬಿಟ್ಟರೆ ಡ್ಯಾಶ್‌ಬೋರ್ಡ್ ಹಸಿರಾಗಿಯೇ ಇರುತ್ತದೆ, ಆಡಿಟ್‌ನಲ್ಲಿ ಮಾತ್ರ ಲೋಪ ಬೀಳುತ್ತದೆ. ಆದ್ದರಿಂದ ಎರಡರಲ್ಲಿ ಕಟ್ಟುನಿಟ್ಟಾದ ಅವಧಿಯನ್ನೇ ಇಡಬೇಕು. ಪುರಾವೆಯಲ್ಲಿ ಕಾರ್ಡ್ ದತ್ತಾಂಶವಿರುವ ಸಿಸ್ಟಂಗಳೂ ಸೇರಿವೆಯೇ ಎಂದು ನೋಡಿ. ಬರೀ ಕಚೇರಿ ಇಮೇಲ್ ಖಾತೆಗಳ ಪಟ್ಟಿ ಪಿಸಿಐಗೆ ನಡೆಯದು.

ಅಪ್ಲಿಕೇಶನ್ ಮತ್ತು ಸಿಸ್ಟಂ ಖಾತೆಗಳನ್ನು (ಜನರಲ್ಲ, ತಂತ್ರಾಂಶಗಳೇ ಬಳಸುವ ಖಾತೆಗಳು) ಇದರಲ್ಲಿ ಬೆರೆಸಿಲ್ಲ. ಅವು ಪಿಸಿಐ 7.2.5.1ರ ಅಡಿ ಬರುತ್ತವೆ, ಅವುಗಳ ಅವಧಿಯನ್ನು ಅಪಾಯ ವಿಶ್ಲೇಷಣೆಯಿಂದ ನಿರ್ಧರಿಸಬೇಕು.