ಕಾರ್ಕಸೋನ್: ಮಗಳ ಆಳುಗಳೆಲ್ಲ ಅರ್ಧ ಆಟಕ್ಕೇ ಖಾಲಿ, ಏನು ಮಾಡಲಿ?

ಮಳೆಹನಿ:

ನಮ್ಮ ಮನೇಲಿ ನಾಲ್ಕೂ ಜನ ಕೂತು ಕಾರ್ಕಸೋನ್ ಆಡುತ್ತೇವೆ. ಚೌಕದ ಬಿಲ್ಲೆಗಳನ್ನು ಒಂದಕ್ಕೊಂದು ಜೋಡಿಸಿ ರಸ್ತೆ, ಕೋಟೆ, ಮಠ, ಹೊಲಗಳ ನಕ್ಷೆ ಬೆಳೆಸುವ ಬೋರ್ಡ್ ಆಟ ಅದು. ನಾನು, ನನ್ನ ಹೆಂಡತಿ, 11 ವರ್ಷದ ಮಗ, 7 ವರ್ಷದ ಮಗಳು. ಬಿಲ್ಲೆ ಜೋಡಿಸುವುದರಲ್ಲಿ ಮಗಳು ಚುರುಕು. ರಸ್ತೆಗೆ ರಸ್ತೆ, ಕೋಟೆಗೆ ಕೋಟೆ, ಒಂದೂ ತಪ್ಪುವುದಿಲ್ಲ. ಆದರೆ ಜಾಗ ಕಂಡಲ್ಲೆಲ್ಲ ಆಳು (ಇದು ನನ್ನದು ಅಂತ ಗುರುತಿಗೆ ಇಡುವ ಪುಟ್ಟ ಗೊಂಬೆ, ಕಟ್ಟಿದ್ದು ಮುಗಿದರಷ್ಟೇ ಕೈಗೆ ವಾಪಸ್) ಇಟ್ಟುಬಿಡುತ್ತಾಳೆ. ಆಟ ಅರ್ಧಕ್ಕೆ ಬರುವಷ್ಟರಲ್ಲಿ ಅವಳ 7 ಆಳೂ ಮೇಜಿನ ಮೇಲೆ, ಕೈ ಖಾಲಿ. ಆಮೇಲೆ ಸುಮ್ನೆ ಬಿಲ್ಲೆ ಇಟ್ಟುಕೊಂಡು ಕೂರುತ್ತಾಳೆ. ಅಣ್ಣ ಬೇರೆ ಅವಳ ಕೋಟೆ ಮುಗಿಯದ ಹಾಗೆ ಪಕ್ಕದಲ್ಲೇ ಬಿಲ್ಲೆ ಸಿಕ್ಕಿಸುತ್ತಾನೆ. ನಿಯಮದ ಪ್ರಕಾರ ಅದು ಸರಿ, ಬೈಯುವ ಹಾಗೂ ಇಲ್ಲ. ಕೊನೆಯಲ್ಲಿ ಹೊಲದಲ್ಲಿಟ್ಟ ಆಳುಗಳ ಅಂಕದ ಲೆಕ್ಕ ಶುರುವಾದರೆ ಅವಳಿಗೆ ಏನೂ ಅರ್ಥವಾಗದೆ ಅಳು ಬರುತ್ತದೆ. ನನಗೆ ಈ ಆಟ ತುಂಬಾ ಇಷ್ಟ. ನಿಯಮ ಸಡಿಲ ಮಾಡಲಾ, ಬೇರೆ ಆಟ ತರಲಾ?

ಹಂಚಿನಮನೆ:

ದಯವಿಟ್ಟು ಆಟ ಬದಲಿಸಬೇಡಿ. ಬಿಲ್ಲೆ ತಪ್ಪಿಲ್ಲದೆ ಜೋಡಿಸುವ ಮಗುವಿಗೆ ಉಳಿದದ್ದೂ ಬರುತ್ತದೆ. ನನ್ನ ಅಕ್ಕನ ಮಕ್ಕಳಿಗೆ ಕಲಿಸಿದ್ದು ನಾನೇ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಹೊಲವನ್ನು ಸದ್ಯಕ್ಕೆ ಪೂರ್ತಿ ಬಿಡಿ. ಹೊಲದಲ್ಲಿ ಮಲಗಿಸಿದ ಆಳು ಆಟ ಮುಗಿಯುವ ತನಕ ಕೈಗೆ ಬರುವುದಿಲ್ಲ. ಆಳು ಉಳಿಸಿಕೊಳ್ಳುವುದನ್ನು ಈಗಷ್ಟೇ ಕಲಿಯಬೇಕಾದವಳಿಗೆ ಅದು ಯಾಕೆ?

ಅವಳಿಗೆ ಹೇಳಿಕೊಡಬೇಕಾದ್ದು ಒಂದೇ: ಆಳು ಇಡುವ ಮೊದಲು "ಇವನು ಮನೆಗೆ ಯಾವಾಗ ವಾಪಸ್ ಬರುತ್ತಾನೆ?" ಅಂತ ಕೇಳಿಕೊಳ್ಳೋದು. ಮಕ್ಕಳಿಗೆ ದೊಡ್ಡ ಕೋಟೆಯ ಆಸೆ ಜಾಸ್ತಿ. ಆದರೆ ಎರಡೇ ಬಿಲ್ಲೆಯ ಪುಟ್ಟ ಕೋಟೆ ಮುಗಿಸಿದರೂ ಈಗಿನ ನಿಯಮದಲ್ಲಿ 4 ಅಂಕ ಬರುತ್ತದೆ, ಆಳು ಕೂಡಲೇ ವಾಪಸ್. ದೊಡ್ಡ ಕೋಟೆ ಮುಗಿಯದೇ ಉಳಿದರೆ ಬಿಲ್ಲೆಗೆ 2ರ ಬದಲು 1 ಅಂಕ, ಆಳೂ ಕೊನೆತನಕ ಅಲ್ಲೇ ಬಂದಿ. ಮಠವೂ ಹಾಗೇ. ಸುತ್ತ 8 ಬಿಲ್ಲೆ ತುಂಬಿದರೆ 9 ಅಂಕ ಸಿಗುತ್ತದೆ ನಿಜ, ಆದರೆ ಅಷ್ಟು ಹೊತ್ತು ಒಬ್ಬ ಅಲ್ಲೇ ಕೂತಿರಬೇಕು. ಎರಡು ಮೂರು ಕಡೆ ಆಗಲೇ ಬಿಲ್ಲೆ ಇರುವ ಜಾಗದಲ್ಲಿ ಮಠ ಇಡಲು ಹೇಳಿ. ಒಬ್ಬ ಆಳು ಯಾವಾಗಲೂ ಕೈಯಲ್ಲಿರಲಿ.

ಇನ್ನು ಅಣ್ಣನ ವಿಷಯ. ಬೈಯಬೇಡಿ, ಲೆಕ್ಕ ತೋರಿಸಿ. ಒಟ್ಟು 72 ಬಿಲ್ಲೆ, ಒಂದು ಆರಂಭದ್ದು. ಉಳಿದ 71 ನಾಲ್ಕು ಜನಕ್ಕೆ ಅಂದರೆ ತಲೆಗೆ ಸುಮಾರು 18. ತಂಗಿಯ ಕೋಟೆ ಕೆಡಿಸಲಿಕ್ಕೇ ಅಂತ ಅದರಲ್ಲಿ ಒಂದನ್ನು ಇಟ್ಟರೆ ಅವನಿಗೆ ಸಿಗೋದು ಹೆಚ್ಚಾಗಿ ಸೊನ್ನೆ. ತಂಗಿ ಹಿಂದೆ ಬೀಳುತ್ತಾಳೆ, ಆದರೆ ಅದರ ಲಾಭ ನಿಮಗೂ ನಿಮ್ಮ ಹೆಂಡತಿಗೂ ಅಷ್ಟೇ ಆಗುತ್ತದೆ! ಅದರ ಬದಲು ಪಕ್ಕದಲ್ಲಿ ತನ್ನದೊಂದು ಪುಟ್ಟ ಕೋಟೆ ಶುರು ಮಾಡಿ, ಅವಳದಕ್ಕೆ ಸೇರಿಸಲಿ. ಇಬ್ಬರದೂ ಒಂದೊಂದೇ ಆಳಾದರೆ ಅಂಕವನ್ನು ಪಾಲು ಮಾಡುವುದಿಲ್ಲ, ಇಬ್ಬರಿಗೂ ಪೂರ್ತಿ ಸಿಗುತ್ತದೆ. ಒಂದು ಗುರಾಣಿ (2 ಅಂಕ ಹೆಚ್ಚು ಕೊಡುವ ಚಿತ್ರ) ಇರುವ 6 ಬಿಲ್ಲೆಯ ಕೋಟೆ ಮುಗಿಸಿದರೆ ಇವನಿಗೂ 14, ಅವಳಿಗೂ 14. ನಾಲ್ಕು ಜನರ ಆಟದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಇಬ್ಬರೇ ಆಡುವಾಗ ಮಾತ್ರ ಇದರಿಂದ ಪ್ರಯೋಜನ ಇಲ್ಲ, ಇಬ್ಬರೂ ಸಮಸಮ ಏರುತ್ತಾರೆ ಅಷ್ಟೇ.

ಇನ್ನೊಂದು ವಿಷಯ. ಎತ್ತಿದ ಬಿಲ್ಲೆಯನ್ನು ಎಲ್ಲರಿಗೂ ತೋರಿಸಬೇಕು, ಎಲ್ಲಿಟ್ಟರೆ ಒಳ್ಳೆಯದು ಅಂತ ಉಳಿದವರು ಸಲಹೆ ಕೊಡಬಹುದು ಅಂತ ಹಳೇ ನಿಯಮ ಪುಸ್ತಕದಲ್ಲೇ ಇತ್ತು. ಹಾಗಾಗಿ ಮಗಳ ಸರದಿಯಲ್ಲಿ ನೀವು ಬಾಯಿ ಬಿಟ್ಟರೆ ಅದು ಮೋಸ ಅಲ್ಲ. ಎರಡು ಜಾಗ ತೋರಿಸಿ, ಆರಿಸೋದು ಅವಳೇ ಆಗಲಿ.

ನೀಲಿಚೌಕ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಅವಳು ಅಳುವುದು ಕಟ್ಟಿದ್ದನ್ನು ಬೇರೆಯವರು ಕೆಡಿಸುತ್ತಾರೆ ಅಂತ, ಅಲ್ವಾ? ಕಿಂಗ್‌ಡೊಮಿನೊ ಅನ್ನುವ ಇನ್ನೊಂದು ಬಿಲ್ಲೆ ಆಟದಲ್ಲಿ ಆ ಭಯವೇ ಇಲ್ಲ. ಪ್ರತಿಯೊಬ್ಬರಿಗೂ 5x5ರ ಸ್ವಂತ ರಾಜ್ಯ, ಅದರೊಳಗೆ ಬೇರೆ ಯಾರೂ ಕೈ ಹಾಕುವ ಹಾಗಿಲ್ಲ. ಪೈಪೋಟಿ ಇರೋದು ಬಿಲ್ಲೆ ಆರಿಸುವಾಗ ಮಾತ್ರ: ಈಗ ಒಳ್ಳೆಯದನ್ನು ತೆಗೆದುಕೊಂಡರೆ ಮುಂದಿನ ಸುತ್ತಿನಲ್ಲಿ ಸರದಿ ತಡವಾಗುತ್ತದೆ. ಒಂದೇ ಬಗೆಯ ನೆಲದ ಚೌಕಗಳನ್ನು ಅಲ್ಲಿರುವ ಕಿರೀಟಗಳಿಂದ ಗುಣಿಸಿದರೆ ಅಂಕ. ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಡಬ್ಬದ ಮೇಲೆ 8 ವರ್ಷ ಅಂತಿದೆ, ಆದರೆ ಗುಣಾಕಾರಕ್ಕೆ ನೀವು ಕೂತರೆ 7ಕ್ಕೂ ಆಗುತ್ತದೆ.

ಹಂಚಿನಮನೆ:

ಕಿಂಗ್‌ಡೊಮಿನೊ ಒಳ್ಳೆಯ ಆಟವೇ, 2017ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಬಂದಿದೆ. ಕಾರ್ಕಸೋನ್‌ಗೆ ಅದೇ ಪ್ರಶಸ್ತಿ 2001ರಲ್ಲೇ ಬಂದಿತ್ತು. ಆದರೆ ಎಲ್ಲರೂ ಸೇರಿ ಒಂದೇ ನಕ್ಷೆ ಬೆಳೆಸುವ ಖುಷಿ ಅದರಲ್ಲಿಲ್ಲ. ನನಗೆ ಮುಖ್ಯ ಅದೇ.

ಮಳೆಹನಿ:

ಇಬ್ಬರಿಗೂ ಧನ್ಯವಾದ. ಅಂಕ ಪೂರ್ತಿ ಸಿಗುವ ವಿಷಯ ಮಗನಿಗೆ ಹೇಳಿದೆ. ತಕ್ಷಣ ತಂಗಿಯನ್ನು ಕರೆದು ಬಿಲ್ಲೆ ಹರಡಿ ತೋರಿಸುತ್ತಿದ್ದಾನೆ. ಇನ್ನೊಂದೇ ಪ್ರಶ್ನೆ: ಸಿಕ್ಕಿಕೊಂಡ ಆಳನ್ನು ಮಧ್ಯದಲ್ಲಿ ವಾಪಸ್ ತೆಗೆದುಕೊಳ್ಳುವ ದಾರಿ ಏನಾದರೂ ಇದೆಯಾ?

ಹಂಚಿನಮನೆ:

ಮಾಮೂಲಿ ಆಳಿಗೆ ಇಲ್ಲ. ನಿಮ್ಮದು ಹೊಸ ಆವೃತ್ತಿಯಾದರೆ ಡಬ್ಬದಲ್ಲಿ ಮಠಾಧಿಪತಿಯ ಗೊಂಬೆ ಇರುತ್ತದೆ, ಪ್ರತಿ ಬಣ್ಣಕ್ಕೂ ಒಂದು. ಅವನನ್ನು ಮಠದಲ್ಲೋ ಕೆಲವು ಬಿಲ್ಲೆಗಳ ಮೇಲೆ ಚಿತ್ರಿಸಿರುವ ತೋಟದಲ್ಲೋ ಕೂರಿಸಬಹುದು. ನಿಮ್ಮ ಸರದಿಯಲ್ಲಿ ಬಿಲ್ಲೆ ಇಟ್ಟ ಮೇಲೆ ಹೊಸ ಆಳು ಇಡದಿದ್ದರೆ, ಅವನನ್ನು ಎತ್ತಿಕೊಂಡು ಅಷ್ಟು ಹೊತ್ತಿಗೆ ಆಗಿರುವ ಅಂಕ ಪಡೆಯಬಹುದು. ಮೊದಲು ಅವನನ್ನು ಮಗಳ ಕೈಗೆ ಕೊಡಿ. ಹೊಲ ಆಮೇಲೆ ನೋಡೋಣ.