ಲೂಪ್ ಆಂಟೆನಾಗೆ ಯಾವ ಪವರ್ ಸಪ್ಲೈ ಕೊಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಅಪಾರ್ಟ್‌ಮೆಂಟ್‌ನಲ್ಲಿದ್ದೀನಿ, ಉದ್ದ ತಂತಿ ಕಟ್ಟೋಕೆ ಜಾಗ ಇಲ್ಲ. ಬಾಲ್ಕನಿಯಲ್ಲಿ ಒಂದು ಮೀಟರ್ ವ್ಯಾಸದ ಲೂಪ್ ಮಾಡಿ ಬುಡಕ್ಕೆ ಆಂಪ್ಲಿಫೈಯರ್ ಬೋರ್ಡ್ ಹಾಕಿದ್ದೀನಿ. ಪವರ್ ಕೊಡ್ತಿರೋದು ರೂಟರ್‌ನ 12 ವೋಲ್ಟ್ ಅಡಾಪ್ಟರ್‌ನಿಂದ. ಶಾರ್ಟ್‌ವೇವ್ ಸ್ಟೇಷನ್ ಬರುತ್ತೆ, ಆದ್ರೆ ಬ್ಯಾಂಡ್ ಪೂರ್ತಿ ಗೊರಗೊರ. ಇನ್ನೂ ಜಾಸ್ತಿ ಗೇನ್ (ಸಿಗ್ನಲ್ ಹಿಗ್ಗಿಸೋ ಶಕ್ತಿ) ಇರೋ ಬೋರ್ಡ್ ಹಾಕಲಾ?

ಉತ್ತರ (ರೇಡಿಯೋ ಎಂಜಿನಿಯರ್): ಬೇಡ. ಗೇನ್ ಏರಿಸಿದ್ರೆ ಸ್ಟೇಷನ್ ಜೊತೆ ಗೊರಗೊರವೂ ಏರುತ್ತೆ. ಮೊದಲು ಆ ಅಡಾಪ್ಟರ್ ತೆಗೆದಿಡಿ. ಅದರೊಳಗಿನ ಸರ್ಕ್ಯೂಟ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಆಗ್ತಿರುತ್ತೆ, ಅದರ ಹಾರ್ಮೋನಿಕ್ಸ್ (ಆ ವೇಗದ ಎರಡು, ಮೂರು, ನಾಲ್ಕು ಪಟ್ಟು ಹೀಗೆ ಏಳೋ ಫ್ರೀಕ್ವೆನ್ಸಿಗಳು) ಶಾರ್ಟ್‌ವೇವ್ ಉದ್ದಕ್ಕೂ ಬೀಳುತ್ತೆ. ಆ ಗಲಾಟೆ ಪವರ್ ವೈರ್ ಹಿಡಿದು ಸೀದಾ ಆಂಟೆನಾಗೇ ಹೋಗ್ತಿದೆ.

12 ವೋಲ್ಟ್ 7 ಆಂಪಿಯರ್-ಅವರ್ ಸೀಲ್ಡ್ ಬ್ಯಾಟರಿಗೆ ಹಾಕಿ ಕೇಳಿ. ಬೋರ್ಡ್ 100 ಮಿಲಿಆಂಪಿಯರ್ ಎಳೆದರೂ ಎರಡು ದಿನ ಆರಾಮಾಗಿ ಬರುತ್ತೆ. ಪಾಸಿಟಿವ್ ವೈರ್‌ನಲ್ಲಿ, ಬ್ಯಾಟರಿ ಪಕ್ಕದಲ್ಲೇ ಒಂದು ಸಣ್ಣ ಫ್ಯೂಸ್ ಇರಲೇಬೇಕು. ಶಾರ್ಟ್ ಆದ್ರೆ ಅಷ್ಟು ಚಿಕ್ಕ ಬ್ಯಾಟರಿಯೂ ವೈರ್ ಸುಟ್ಟುಬಿಡುತ್ತೆ. ಬ್ಯಾಟರಿಯಲ್ಲಿ ಸದ್ದು ಇಳಿದ್ರೆ ಕಳ್ಳ ಅಡಾಪ್ಟರೇ.

ಮರುಪ್ರಶ್ನೆ: ಪವರ್ ಬ್ಯಾಂಕ್ ನಡೆಯುತ್ತಾ ಸರ್? ಬ್ಯಾಟರಿ ಚಾರ್ಜ್ ಮಾಡ್ತಾ ಕೂರೋಕೆ ಆಗದಿದ್ರೆ?

ಉತ್ತರ: ಪವರ್ ಬ್ಯಾಂಕ್ ಒಳಗೂ ಸ್ವಿಚಿಂಗ್ ಕನ್ವರ್ಟರ್ ಇದೆ, ಅದೇ ಕಥೆ. ಕರೆಂಟ್ ಕಮ್ಮಿ ಎಳೆದ್ರೆ ಎಷ್ಟೋ ಪವರ್ ಬ್ಯಾಂಕ್ ತಾನಾಗೇ ಆಫ್ ಕೂಡ ಆಗುತ್ತೆ. ಮೈನ್ಸೇ ಬೇಕಂದ್ರೆ ತೂಕದ ಹಳೇ ಥರದ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ (ಎಸಿಯನ್ನ ಡಿಸಿ ಮಾಡೋ ನಾಲ್ಕು ಡಯೋಡ್), ದೊಡ್ಡ ಫಿಲ್ಟರ್ ಕೆಪಾಸಿಟರ್, ಆಮೇಲೆ 7812 (12 ವೋಲ್ಟ್ ರೆಗ್ಯುಲೇಟರ್ ಐಸಿ). ಫಿಲ್ಟರ್ ಆದ ಮೇಲೆ 15 ವೋಲ್ಟ್‌ಗಿಂತ ಕೆಳಗೆ ಬೀಳದ ಹಾಗೆ ನೋಡಿಕೊಳ್ಳಿ, ಇಲ್ಲಾಂದ್ರೆ ರೆಗ್ಯುಲೇಟರ್ ಸರಿಯಾಗಿ ಹಿಡಿಯಲ್ಲ. ಬ್ರಿಡ್ಜ್‌ನ ಪ್ರತಿ ಡಯೋಡ್‌ಗೂ ಅಡ್ಡಲಾಗಿ 0.01 ಮೈಕ್ರೋಫ್ಯಾರಡ್ ಹಾಕಿ. ಸ್ಟೇಷನ್ ಟ್ಯೂನ್ ಆದಾಗ ಮಾತ್ರ ಗುಂಯ್ ಅನ್ನೋ ಹಮ್ ಇರುತ್ತಲ್ಲ, ಅದು ಬಹುಪಾಲು ಇದರಿಂದ ಹೋಗುತ್ತೆ.

ಆಂಟೆನಾದಿಂದ ರೇಡಿಯೋಗೆ ಬರೋ ಕೋಆಕ್ಸ್ ಕೇಬಲ್‌ನಲ್ಲೇ ಪವರ್ ಕಳಿಸೋದಾದ್ರೆ ರೇಡಿಯೋ ಕಡೆಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಸಪ್ಲೈ ಕಡೆಗೆ 100 ಮೈಕ್ರೋಹೆನ್ರಿ ಚೋಕ್ (ತಂತಿ ಸುರುಳಿ). ಕೆಪಾಸಿಟರ್ ಮರೆತು 12 ವೋಲ್ಟ್ ರೇಡಿಯೋ ಒಳಗೆ ಹೋಯ್ತೋ, ಅದರ ಇನ್‌ಪುಟ್ ಸುಟ್ಟೇ ಹೋಗಬಹುದು. ಕೋಆಕ್ಸನ್ನ 31 ಮಿಕ್ಸ್ ಅನ್ನೋ ಬಗೆಯ ಫೆರೈಟ್ ರಿಂಗ್‌ಗೆ ಹತ್ತು ಸುತ್ತು ಸುತ್ತಿ. ಹೊರಕವಚದ ಮೇಲೆ ಹರಿದು ಬರೋ ಮನೆ ಗಲಾಟೆಗೆ ಅದೇ ತಡೆ.

ಇನ್ನೊಬ್ಬರ ಪ್ರಶ್ನೆ: ಪವರೇ ಬೇಡದ, ಕಡಿಮೆ ಖರ್ಚಿನ ಲೂಪ್ ಇದೆಯಾ ಸರ್?

ಉತ್ತರ: ಇದೆ, ಹೊಸಬರಿಗೆ ನಾನು ಮೊದಲು ಹೇಳೋದೇ ಅದನ್ನ. ಒಂದು ಮೀಟರ್ ವ್ಯಾಸಕ್ಕೆ ದಪ್ಪ ತಾಮ್ರದ ತಂತಿ ಅಥವಾ ಕೊಳವೆಯ ಒಂದೇ ಸುತ್ತು. ಎರಡು ತುದಿಗೆ ಹಳೇ ರೇಡಿಯೋದ 365 ಪಿಕೋಫ್ಯಾರಡ್ ಗ್ಯಾಂಗ್ ಕಂಡೆನ್ಸರ್ (ತಿರುಗಿಸಿ ಟ್ಯೂನ್ ಮಾಡೋ ಕೆಪಾಸಿಟರ್). ಒಳಗೆ, ಗ್ಯಾಂಗ್‌ಗೆ ಎದುರು ಭಾಗದಲ್ಲಿ, 20 ಸೆಂಟಿಮೀಟರ್‌ನ ಪುಟ್ಟ ಲೂಪ್. ಅದರಿಂದ ಕೋಆಕ್ಸ್ ರೇಡಿಯೋಗೆ. ಹೆಚ್ಚು ಕಡಿಮೆ 5ರಿಂದ 18 ಮೆಗಾಹರ್ಟ್ಸ್ ಸಿಗುತ್ತೆ. ಗ್ಯಾಂಗ್ ತಿರುಗಿಸ್ತಾ ಹೋದ್ರೆ ಒಂದು ಕಡೆ ಸದ್ದು ಥಟ್ಟನೆ ಉಬ್ಬುತ್ತೆ, ಕೂದಲೆಳೆ ಆಚೆ ಹೋದ್ರೂ ಇಳಿಯುತ್ತೆ. 31 ಮೀಟರ್ ಬ್ಯಾಂಡ್ ಒಳಗೇ ಸ್ಟೇಷನ್ ಬದಲಿಸಿದಾಗ ಮತ್ತೆ ತಿರುಗಿಸಬೇಕಾಗುತ್ತೆ. ಬೇಸರ ಪಡಬೇಡಿ, ಪಕ್ಕದ ಜೋರು ಸ್ಟೇಷನ್‌ಗಳನ್ನ ದೂರ ಇಡೋದು ಅದೇ ಗುಣ.

ಲೂಪನ್ನ ನಿಂತ ಜಾಗದಲ್ಲೇ ತಿರುಗಿಸಿಯೂ ನೋಡಿ. ಶಾರ್ಟ್‌ವೇವ್ ಸ್ಟೇಷನ್ ಆಕಾಶದಿಂದ ಬರೋದ್ರಿಂದ ಅಷ್ಟಾಗಿ ಕುಗ್ಗಲ್ಲ. ಹತ್ತಿರದ ಎಲ್‌ಇಡಿ ಬಲ್ಬ್ ಕಡೆಗೆ ಲೂಪ್‌ನ ಅಗಲ ಮುಖ ಮಾಡಿದಾಗ ಅದರ ಗಲಾಟೆ ಎಷ್ಟೋ ಸಲ ಪೂರ್ತಿ ಅಡಗುತ್ತೆ. ಗುಡುಗು ಕೇಳಿಸಿದ್ರೆ ಮಾತ್ರ ಕೋಆಕ್ಸ್ ಕಿತ್ತಿಡಿ.